ಸಾಕೇತ್ ರಾಜನ್

ಸಾಕೇತ್ ರಾಜನ್ (ನಿಧನ: ಫೆಬ್ರವರಿ 6, 2005) ಕರ್ನಾಟಕದ ಎಡಪಂಥೀಯ ಇತಿಹಾಸಕಾರ, ಲೇಖಕ ಹಾಗೂ ನಿಷೇಧಿತ ಮಾವೋವಾದಿ ಚಳವಳಿಯ ರಾಜ್ಯಮಟ್ಟದ ನಾಯಕ. 'ಸಾಕಿ' ಎಂಬ ಹೆಸರಿನಲ್ಲಿ ಇಂಗ್ಲಿಷಿನಲ್ಲಿ ಬರೆದ 'ಮೇಕಿಂಗ್ ಹಿಸ್ಟರಿ' ಎಂಬ ಎರಡು ಸಂಪುಟಗಳ ಕರ್ನಾಟಕ ಚರಿತ್ರೆಯಿಂದ ಅವರು ವಿದ್ವತ್ ವಲಯದಲ್ಲಿ ಪರಿಚಿತರು. ಸಂಘಟನೆಯೊಳಗೆ ಅವರಿಗೆ 'ಪ್ರೇಮ್' ಎಂಬ ಹೆಸರಿತ್ತು. ಚಿಕ್ಕಮಗಳೂರು ಜಿಲ್ಲೆಯ ಹೊರನಾಡಿನ ಸಮೀಪದ ಬಲಿಗೆ ಎಂಬಲ್ಲಿ ಪೊಲೀಸರ ಗುಂಡಿಗೆ ಅವರು ಬಲಿಯಾದರು. ಆ ಪ್ರದೇಶ ಆಗ ಮೂಡಿಗೆರೆ ತಾಲ್ಲೂಕಿಗೆ ಸೇರಿತ್ತು. ಈಗ ಕಳಸ ತಾಲ್ಲೂಕಿನಲ್ಲಿದೆ.

ಒಬ್ಬನೇ ವ್ಯಕ್ತಿ ಇತಿಹಾಸಕಾರನೂ ಸಶಸ್ತ್ರ ಹೋರಾಟದ ನಾಯಕನೂ ಆಗಿದ್ದುದರಿಂದ ಅವರ ಕುರಿತ ಬರಹಗಳು ಸಾಮಾನ್ಯವಾಗಿ ಎರಡರಲ್ಲಿ ಒಂದನ್ನು ಮಾತ್ರ ಕಾಣುತ್ತವೆ. ಪೊಲೀಸ್ ದಾಖಲೆಯಲ್ಲಿ ಪುಸ್ತಕದ ಉಲ್ಲೇಖ ಅಪರೂಪ. ಅಭಿಮಾನಿಗಳ ಬರಹದಲ್ಲಿ ಬಂದೂಕಿನಿಂದ ಸತ್ತ ಇತರರ ಉಲ್ಲೇಖ ಅಪರೂಪ.

ಜೀವನ

ಸಾಕೇತ್ ರಾಜನ್ ಮೈಸೂರಿನ ಸುಶಿಕ್ಷಿತ ಮಧ್ಯಮವರ್ಗದ ಕುಟುಂಬದಿಂದ ಬಂದವರು. ತಂದೆ ಭಾರತೀಯ ಸೇನೆಯಲ್ಲಿ ಮೇಜರ್ ಆಗಿದ್ದವರು. ಮೈಸೂರಿನಲ್ಲಿ ಪದವಿ ಶಿಕ್ಷಣ ಪಡೆದ ನಂತರ ಸಾಕೇತ್ ದೆಹಲಿಯ ಭಾರತೀಯ ಸಮೂಹ ಸಂವಹನ ಸಂಸ್ಥೆಯಲ್ಲಿ ಪತ್ರಿಕೋದ್ಯಮವನ್ನು ಅಭ್ಯಾಸ ಮಾಡಿದರು. ವಿದ್ಯಾರ್ಥಿ ದೆಸೆಯಲ್ಲಿಯೇ ಎಡಪಂಥೀಯ ರಾಜಕಾರಣದತ್ತ ಹೊರಳಿ, ಮುಂದೆ ಸಿಪಿಐ (ಎಂ.ಎಲ್.) ಪೀಪಲ್ಸ್ ವಾರ್ ಪಕ್ಷದ ಪೂರ್ಣಾವಧಿ ಕಾರ್ಯಕರ್ತರಾಗಿ ಭೂಗತರಾದರು. 2004ರ ಸೆಪ್ಟೆಂಬರ್‌ನಲ್ಲಿ ಪೀಪಲ್ಸ್ ವಾರ್ ಮತ್ತು ಮಾವೋಯಿಸ್ಟ್ ಕಮ್ಯುನಿಸ್ಟ್ ಸೆಂಟರ್ ಒಂದುಗೂಡಿ ಸಿಪಿಐ (ಮಾವೋವಾದಿ) ರಚನೆಯಾದಾಗ ಅವರು ಆ ಪಕ್ಷದ ಕರ್ನಾಟಕ ಘಟಕದ ಮುಂದಾಳಾಗಿದ್ದರು. ಅವರ ಪತ್ನಿ ರಾಜೇಶ್ವರಿಯವರೂ ಅದೇ ಚಳವಳಿಯಲ್ಲಿದ್ದು, ಪತಿಗಿಂತ ಮೊದಲೇ ಆಂಧ್ರಪ್ರದೇಶದಲ್ಲಿ ಪೊಲೀಸ್ ಕಾರ್ಯಾಚರಣೆಯೊಂದರಲ್ಲಿ ಮೃತಪಟ್ಟಿದ್ದರು.

ಭೂಗತ ಜೀವನದ ವಿವರಗಳು ಸಹಜವಾಗಿಯೇ ವಿರಳ. ಆ ವರ್ಷಗಳ ಖಚಿತ ಕುರುಹು ಎಂದರೆ ಅವರ ಬರವಣಿಗೆಯೇ.

'ಮೇಕಿಂಗ್ ಹಿಸ್ಟರಿ'

ಮೊದಲ ಸಂಪುಟ 1998ರಲ್ಲಿ ವಿಮುಕ್ತಿ ಪ್ರಕಾಶನದಿಂದ ಹೊರಬಂತು. 'ಕರ್ನಾಟಕದ ಜನ ಮತ್ತು ಅವರ ಗತಕಾಲ' ಎಂಬ ಅರ್ಥದ ಉಪಶೀರ್ಷಿಕೆಯುಳ್ಳ ಈ ಸಂಪುಟ ಶಿಲಾಯುಗದಿಂದ ಹಿಡಿದು ವಾಣಿಜ್ಯ ಬಂಡವಾಳದ ಕಾಲದವರೆಗಿನ ದೀರ್ಘ ಅವಧಿಯನ್ನು ಒಳಗೊಂಡಿದೆ. 2004ರಲ್ಲಿ ಪ್ರಕಟವಾದ ಎರಡನೆಯ ಸಂಪುಟದ ವ್ಯಾಪ್ತಿ ಅದಕ್ಕೆ ಹೋಲಿಸಿದರೆ ತೀರ ಕಿರಿದು: 1800ರಿಂದ 1857. ವಸಾಹತುಶಾಹಿಯ ಆಘಾತ ಮತ್ತು ಅದರ ವಿರುದ್ಧದ ಸಶಸ್ತ್ರ ಹೋರಾಟ ಅದರ ವಸ್ತು. ಸಹಸ್ರಾರು ವರ್ಷಗಳಿಗೆ ಒಂದು ಸಂಪುಟ, ಐವತ್ತೇಳು ವರ್ಷಗಳಿಗೆ ಇನ್ನೊಂದು. ಲೇಖಕರ ಒಲವು ಯಾವ ಕಡೆಗಿತ್ತು ಎಂಬುದನ್ನು ಈ ಹಂಚಿಕೆಯೇ ಸೂಚಿಸುತ್ತದೆ. 1857ರ ನಂತರದ ಭಾಗವನ್ನು ಬರೆದು ಪ್ರಕಟಿಸುವಷ್ಟು ಕಾಲ ಅವರು ಬದುಕಲಿಲ್ಲ.

ಈ ಕೃತಿಯ ಸ್ಥಾನವನ್ನು ತಿಳಿಯಲು ಕರ್ನಾಟಕದ ಇತಿಹಾಸ ಬರವಣಿಗೆಯ ಹಿನ್ನೆಲೆ ಅಗತ್ಯ. ಮೈಸೂರು ಸಂಸ್ಥಾನದಲ್ಲಿ ಬಿ. ಎಲ್. ರೈಸ್ ಆರಂಭಿಸಿದ 'ಎಪಿಗ್ರಾಫಿಯಾ ಕರ್ನಾಟಿಕ' ಶಾಸನ ಸಂಪುಟಗಳು ಈ ನಾಡಿನ ಚರಿತ್ರೆಗೆ ಭದ್ರ ತಳಹದಿ ಹಾಕಿದವು. ಇಂದಿನ ಚಿಕ್ಕಮಗಳೂರು ಜಿಲ್ಲೆ ಆಗ ಕಡೂರು ಜಿಲ್ಲೆ ಎನಿಸಿಕೊಂಡಿತ್ತು. ಅದರ ಶಾಸನಗಳು ಆರನೆಯ ಸಂಪುಟದಲ್ಲಿವೆ. ಆದರೆ ಶಾಸನಗಳನ್ನು ಬರೆಸಿದವರು ಅರಸರು, ದಂಡನಾಯಕರು, ದಾನಿಗಳು. ಯಾವ ಭೂಮಿಯನ್ನು ಯಾವ ದೇವಾಲಯಕ್ಕೆ ಬಿಟ್ಟರು, ಅದರ ಗಡಿಗಳು ಯಾವುವು, ದಾನವನ್ನು ಅಳಿಪಿದವನಿಗೆ ಯಾವ ಪಾಪ ತಟ್ಟುತ್ತದೆ ಎಂಬುದನ್ನು ಕಲ್ಲು ಹೇಳುತ್ತದೆ. ಆ ಭೂಮಿಯನ್ನು ಉತ್ತವರು ಯಾರು ಎಂಬುದನ್ನು ಹೇಳುವುದು ಕಡಿಮೆ. ಆದ್ದರಿಂದ ಶಾಸನಗಳನ್ನೇ ಆಧರಿಸಿದ ಚರಿತ್ರೆ ಬಹುಕಾಲ ಕದಂಬ, ಗಂಗ, ಚಾಲುಕ್ಯ, ರಾಷ್ಟ್ರಕೂಟ, ಹೊಯ್ಸಳ ಎಂಬ ವಂಶಾವಳಿಗಳ ಸರಣಿಯಾಗಿಯೇ ಉಳಿಯಿತು. ಶಾಲೆಯ ಪಠ್ಯದಲ್ಲಿ ನಾವೆಲ್ಲರೂ ಬಾಯಿಪಾಠ ಮಾಡಿದ್ದು ಅದನ್ನೇ.

ಡಿ. ಡಿ. ಕೋಸಾಂಬಿ ಮತ್ತು ಆರ್. ಎಸ್. ಶರ್ಮಾ ಅವರು ಅಖಿಲ ಭಾರತ ಮಟ್ಟದಲ್ಲಿ ಬೇರೊಂದು ದಾರಿಯನ್ನು ತೆರೆದಿದ್ದರು. ಉತ್ಪಾದನೆಯ ವಿಧಾನ, ಭೂಮಿಯ ಒಡೆತನ, ದುಡಿಮೆಯ ಹಂಚಿಕೆ ಇವುಗಳಿಂದ ಒಂದು ಕಾಲಘಟ್ಟವನ್ನು ಅರ್ಥಮಾಡಿಕೊಳ್ಳುವ ಮಾರ್ಕ್ಸ್‌ವಾದಿ ಕ್ರಮ ಅದು. ಇಡೀ ಕರ್ನಾಟಕದ ಗತಕಾಲವನ್ನು ಆ ಕ್ರಮದಲ್ಲಿ ಒಂದೇ ಕಥನವಾಗಿ ಹೆಣೆಯುವ ಪ್ರಯತ್ನ ಸಾಕಿಯವರದು. ಇಲ್ಲಿ ಅರಸುಮನೆತನಗಳು ಮರೆಯಾಗುವುದಿಲ್ಲ, ಆದರೆ ಅಧ್ಯಾಯಗಳ ಹಂಚಿಕೆಯನ್ನು ಅವು ನಿರ್ಧರಿಸುವುದಿಲ್ಲ. ಹದಿನೆಂಟನೆಯ ಶತಮಾನದ ಹೈದರ್ ಮತ್ತು ಟಿಪ್ಪು ಕಾಲದ ಮೈಸೂರನ್ನು ವಾಣಿಜ್ಯ ಬಂಡವಾಳ ತಲೆಯೆತ್ತುತ್ತಿದ್ದ ಸಮಾಜವಾಗಿ ಕಾಣುವುದು, 1799ರ ಶ್ರೀರಂಗಪಟ್ಟಣದ ಪತನವನ್ನು ಆ ಬೆಳವಣಿಗೆಯ ಮೇಲೆ ಬಿದ್ದ ಪೆಟ್ಟಾಗಿ ಕಾಣುವುದು ಅವರ ವಾದದ ಮುಖ್ಯ ಎಳೆ.

ಎರಡನೆಯ ಸಂಪುಟದ ಅವಧಿ ಕರ್ನಾಟಕದಲ್ಲಿ ದಂಗೆಗಳ ಕಾಲ. 1800ರಲ್ಲಿ ಧೋಂಡಿಯಾ ವಾಘ್ ಬ್ರಿಟಿಷರ ವಿರುದ್ಧ ಹೋರಾಡಿ ಮಡಿದ. ಮೂಡಿಗೆರೆಗೆ ಹೊಂದಿಕೊಂಡಂತಿರುವ ಬಲಂ ಸೀಮೆಯ ಪಾಳೆಯಗಾರ ಕೃಷ್ಣಪ್ಪ ನಾಯಕನನ್ನು 1802ರಲ್ಲಿ ಗಲ್ಲಿಗೇರಿಸಲಾಯಿತು. 1824ರಲ್ಲಿ ಕಿತ್ತೂರು, ಅದರ ಬೆನ್ನಿಗೆ ಸಂಗೊಳ್ಳಿ ರಾಯಣ್ಣನ ಹೋರಾಟ ಮತ್ತು 1831ರಲ್ಲಿ ಅವನ ಗಲ್ಲು. 1837ರಲ್ಲಿ ಕೊಡಗು ಹಾಗೂ ತುಳುನಾಡಿನ ರೈತರು ಕಲ್ಯಾಣಸ್ವಾಮಿಯ ಹೆಸರಿನಲ್ಲಿ ಎದ್ದು ಮಂಗಳೂರನ್ನು ಕೆಲದಿನ ವಶಪಡಿಸಿಕೊಂಡ ಪ್ರಸಂಗ. 1857ರಲ್ಲಿ ಹಲಗಲಿಯ ಬೇಡರು. ಇವುಗಳಲ್ಲಿ ಕಾಫಿಸೀಮೆಗೆ ಅತ್ಯಂತ ಹತ್ತಿರದ್ದು 1830-31ರ ನಗರ ದಂಗೆ. ಕಂದಾಯದ ಹೊರೆ ಮತ್ತು ಅಧಿಕಾರಿಗಳ ಕಿರುಕುಳದ ವಿರುದ್ಧ ರೈತರು ಕೂಟ ಸೇರಿ ಆರಂಭಿಸಿದ ಆ ಪ್ರತಿಭಟನೆಗೆ ಇಂದಿನ ಚಿಕ್ಕಮಗಳೂರು ಜಿಲ್ಲೆಯ ತರೀಕೆರೆಯ ಪಾಳೆಯಗಾರ ಮನೆತನವೂ ಕೈಜೋಡಿಸಿತು. ದಂಗೆಯನ್ನು ಅಡಗಿಸಲಾಯಿತು. ಅದನ್ನೇ ಮುಖ್ಯ ಕಾರಣವಾಗಿ ತೋರಿಸಿ 1831ರಲ್ಲಿ ಬ್ರಿಟಿಷರು ಮುಮ್ಮಡಿ ಕೃಷ್ಣರಾಜ ಒಡೆಯರಿಂದ ಆಡಳಿತವನ್ನು ಕಸಿದುಕೊಂಡರು. ಅದು ಒಡೆಯರ ಮನೆತನಕ್ಕೆ ಮರಳಿದ್ದು 1881ರಲ್ಲಿ. ಚಿಕ್ಕಮಗಳೂರಿನ ಬೆಟ್ಟಗಳಲ್ಲಿ ಯುರೋಪಿಯನ್ ಪ್ಲಾಂಟರುಗಳ ಕಾಫಿ ತೋಟಗಳು ಹರಡಿದ್ದು ಸರಿಸುಮಾರು ಇದೇ ಅವಧಿಯಲ್ಲಿ.

ಕೃತಿಯ ಮಿತಿಗಳೂ ಸ್ಪಷ್ಟ. ಪ್ರತಿಯೊಂದು ಕಾಲಘಟ್ಟವನ್ನೂ ಪೂರ್ವನಿರ್ಧರಿತ ಹಂತಗಳ ಚೌಕಟ್ಟಿನೊಳಗೆ ಕೂರಿಸುವ ಆತುರ ಹಲವೆಡೆ ಕಾಣುತ್ತದೆ. ಭೂಗತ ಜೀವನ ನಡೆಸುವ ಲೇಖಕನಿಗೆ ಪತ್ರಾಗಾರಗಳ ಬಾಗಿಲು ತೆರೆದಿರುವುದಿಲ್ಲವಾದ್ದರಿಂದ, ಪ್ರಕಟಿತ ಗ್ರಂಥಗಳ ಮೇಲಿನ ಅವಲಂಬನೆ ಹೆಚ್ಚು. ಟಿಪ್ಪು ಕಾಲದ ಮೈಸೂರಿನ ಆರ್ಥಿಕತೆ ನಿಜಕ್ಕೂ ಬಂಡವಾಳಶಾಹಿಯತ್ತ ಸಾಗುತ್ತಿತ್ತೇ ಎಂಬುದು ಇತಿಹಾಸಕಾರರಲ್ಲಿ ಇನ್ನೂ ಚರ್ಚೆಯಲ್ಲಿರುವ ಪ್ರಶ್ನೆ. ಸಾಕಿ ಅದನ್ನು ಹೆಚ್ಚುಕಡಿಮೆ ಇತ್ಯರ್ಥವಾದ ವಿಷಯದಂತೆ ನಿರೂಪಿಸುತ್ತಾರೆ. ಎಲ್ಲಕ್ಕಿಂತ ಮುಖ್ಯವಾಗಿ, ಗತಕಾಲದ ಸಶಸ್ತ್ರ ಬಂಡಾಯಗಳ ಕಥನವು ವರ್ತಮಾನದ ಸಶಸ್ತ್ರ ಹೋರಾಟಕ್ಕೆ ಸಮರ್ಥನೆಯನ್ನು ಒದಗಿಸುವಂತೆ ರೂಪುಗೊಂಡಿದೆ. ಓದುಗನು ಇದನ್ನು ಅರಿತುಕೊಂಡೇ ಓದಬೇಕಾಗುತ್ತದೆ. ಹಾಗಿದ್ದೂ, ಆತನ ರಾಜಕೀಯವನ್ನು ಒಪ್ಪದ ಓದುಗರಿಗೂ ಈ ಸಂಪುಟಗಳು ಉಪಯುಕ್ತವೆನಿಸುತ್ತವೆ; ಚದುರಿಹೋಗಿದ್ದ ಪ್ರಾದೇಶಿಕ ದಂಗೆಗಳನ್ನು ಒಂದೇ ಚಿತ್ರದೊಳಗೆ ಇಟ್ಟು ನೋಡುವ ಅವಕಾಶ ಅವುಗಳಲ್ಲಿದೆ.

ಮಲೆನಾಡಿನ ಹಿನ್ನೆಲೆ

ಮೈಸೂರಿನ ಇತಿಹಾಸಕಾರನೊಬ್ಬ ಕಳಸದ ಕಾಡಿಗೆ ಬಂದದ್ದೇಕೆ ಎಂಬ ಪ್ರಶ್ನೆಗೆ ಉತ್ತರ ಆ ಪ್ರದೇಶದ ಭೂಸಂಬಂಧಗಳಲ್ಲಿ ಮತ್ತು ಕುದುರೆಮುಖದ ವಿವಾದದಲ್ಲಿದೆ.

1974ರಲ್ಲಿ ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿ ಕರ್ನಾಟಕದ ಬಹುಭಾಗದಲ್ಲಿ, ವಿಶೇಷವಾಗಿ ಕರಾವಳಿಯಲ್ಲಿ, ಗೇಣಿದಾರರನ್ನು ಭೂಮಾಲೀಕರನ್ನಾಗಿಸಿತು. ಆದರೆ ಕಾಫಿ, ಏಲಕ್ಕಿ, ಮೆಣಸು, ಚಹಾ, ರಬ್ಬರ್ ಮುಂತಾದ ಪ್ಲಾಂಟೇಶನ್ ಬೆಳೆಗಳ ಜಮೀನಿಗೆ ಆ ಕಾಯ್ದೆಯ ಮುಖ್ಯ ವಿಧಿಗಳಿಂದ ವಿನಾಯಿತಿ ದೊರೆಯಿತು. ಘಟ್ಟದ ಕೆಳಗೆ ಗದ್ದೆಯ ಒಡೆತನ ಕೈ ಬದಲಾಯಿಸಿದಾಗ, ಘಟ್ಟದ ಮೇಲೆ ದೊಡ್ಡ ತೋಟಗಳು ಹಾಗೆಯೇ ಉಳಿದವು. ಲೈನ್ ಮನೆಗಳಲ್ಲಿದ್ದ ಕೂಲಿಕಾರರು ಲೈನ್ ಮನೆಗಳಲ್ಲಿಯೇ ಉಳಿದರು. ಕಾಡಿನಂಚಿನ ಮಲೆಕುಡಿಯ ಮತ್ತು ಗೌಡ್ಲು ಸಮುದಾಯಗಳ ಸ್ಥಿತಿ ಇದಕ್ಕಿಂತ ಭಿನ್ನ. ಅವರು ತಲೆಮಾರುಗಳಿಂದ ಸಾಗು ಮಾಡುತ್ತಿದ್ದ ಸಣ್ಣ ಹಿಡುವಳಿಗಳಲ್ಲಿ ಹಲವಕ್ಕೆ ದಾಖಲೆಗಳಿರಲಿಲ್ಲ.

ತುಂಗಾ, ಭದ್ರಾ ಮತ್ತು ನೇತ್ರಾವತಿ ನದಿಗಳು ಹುಟ್ಟುವ ಈ ಬೆಟ್ಟಸಾಲಿನ ಸುಮಾರು 600 ಚದರ ಕಿ.ಮೀ. ಪ್ರದೇಶವನ್ನು ಕುದುರೆಮುಖ ರಾಷ್ಟ್ರೀಯ ಉದ್ಯಾನವೆಂದು ಗುರುತಿಸುವ ಮೊದಲ ಅಧಿಸೂಚನೆ 1987ರಲ್ಲಿ ಹೊರಬಿತ್ತು; ಅಂತಿಮ ಅಧಿಸೂಚನೆ 2001ರಲ್ಲಿ ಬಂತು. ಉದ್ಯಾನದೊಳಗಿನ ಹಳ್ಳಿಗಳ ಕುಟುಂಬಗಳಿಗೆ ಒಕ್ಕಲೆಬ್ಬಿಸುವ ಭೀತಿ ಎದುರಾಯಿತು. ಅದೇ ಬೆಟ್ಟಗಳಲ್ಲಿ 1976ರಲ್ಲಿ ಸ್ಥಾಪನೆಯಾದ ಕುದುರೆಮುಖ ಕಬ್ಬಿಣದ ಅದಿರು ಕಂಪನಿ ಗಣಿಗಾರಿಕೆ ನಡೆಸುತ್ತಿತ್ತು. ಗಣಿಯಿಂದ ಭದ್ರಾ ನದಿ ಹೂಳು ತುಂಬುತ್ತಿದೆ ಎಂದು ಪರಿಸರವಾದಿಗಳು ನ್ಯಾಯಾಲಯದ ಮೊರೆಹೋದರು. 2002ರ ಅಕ್ಟೋಬರ್ 30ರಂದು ಸರ್ವೋಚ್ಚ ನ್ಯಾಯಾಲಯ ನೀಡಿದ ತೀರ್ಪಿನಂತೆ 2005ರ ಕೊನೆಗೆ ಗಣಿಗಾರಿಕೆ ನಿಂತಿತು. ದೊಡ್ಡ ಯಂತ್ರಗಳು ಬೆಟ್ಟ ಕೊರೆಯಲು ವರ್ಷಗಟ್ಟಲೆ ಅವಕಾಶವಿದ್ದ ಕಾಡಿನಲ್ಲಿ ಎರಡು ಎಕರೆಯ ಅಡಿಕೆ ತೋಟ ಕಾಡಿಗೆ ಮಾರಕವೆನಿಸಿತು ಎಂಬ ಸ್ಥಳೀಯರ ಅಸಮಾಧಾನಕ್ಕೆ ಈ ಹಿನ್ನೆಲೆಯಿದೆ.

ಒಕ್ಕಲೆಬ್ಬಿಸುವಿಕೆಯ ವಿರುದ್ಧ ಮಲೆನಾಡಿನಲ್ಲಿ ನಡೆದ ಹೋರಾಟಗಳಲ್ಲಿ ಬಹುಪಾಲು ಸಭೆ, ಮೆರವಣಿಗೆ, ಮನವಿಗಳ ಬಹಿರಂಗ ಹೋರಾಟಗಳೇ. ಕರ್ನಾಟಕ ವಿಮೋಚನಾ ರಂಗದಂತಹ ಸಂಘಟನೆಗಳು ಅವುಗಳಲ್ಲಿ ಭಾಗವಹಿಸಿದ್ದವು. ಇದರೊಂದಿಗೆ ಪೀಪಲ್ಸ್ ವಾರ್‌ನ ಶಸ್ತ್ರಧಾರಿ ತಂಡಗಳೂ ಈ ಕಾಡುಗಳಲ್ಲಿ ನೆಲೆಯೂರತೊಡಗಿದ್ದು 2002ರ ಕೊನೆಯ ವೇಳೆಗೆ ಸಾರ್ವಜನಿಕರಿಗೆ ತಿಳಿಯಿತು. 2003ರ ನವೆಂಬರ್‌ನಲ್ಲಿ ಘಟ್ಟದ ಕೆಳಗಿನ ಕಾರ್ಕಳ ತಾಲ್ಲೂಕಿನ ಈದು ಗ್ರಾಮದಲ್ಲಿ ಪೊಲೀಸರು ನಡೆಸಿದ ಕಾರ್ಯಾಚರಣೆಯಲ್ಲಿ ಇಬ್ಬರು ಯುವತಿಯರು ಸತ್ತರು. ಅಲ್ಲಿಂದ ಮುಂದೆ ಮಲೆನಾಡಿನ ಭೂಮಿಯ ಪ್ರಶ್ನೆ ಸರ್ಕಾರದ ಕಣ್ಣಿನಲ್ಲಿ ಭದ್ರತೆಯ ಪ್ರಶ್ನೆಯೂ ಆಯಿತು. ಎರಡೂ ಕಡೆಯ ಬಂದೂಕುಗಳ ನಡುವೆ ಸಿಕ್ಕವರು ಹಳ್ಳಿಗರು. ರಾತ್ರಿ ಊಟ ಕೇಳಿ ಬಂದವರಿಗೆ ಬಡಿಸಿದರೆ ಪೊಲೀಸರ ವಿಚಾರಣೆ. ಪೊಲೀಸರೊಂದಿಗೆ ಮಾತನಾಡಿದರೆ ಮಾಹಿತಿದಾರನೆಂಬ ಸಂಶಯ. ಆ ಸಂಶಯದ ಮೇಲೆ ನಕ್ಸಲರು ಸ್ಥಳೀಯರನ್ನು ಕೊಂದ ಪ್ರಕರಣಗಳೂ ನಂತರದ ವರ್ಷಗಳಲ್ಲಿ ನಡೆದವು.

2004ರಲ್ಲಿ ಸಾಕೇತ್ ಮಲೆನಾಡಿನ ಕಾಡಿನಲ್ಲಿ ಕೆಲವು ಪತ್ರಕರ್ತರನ್ನು ಭೇಟಿಯಾಗಿ ಮಾತನಾಡಿದರು. 'ಲಂಕೇಶ್ ಪತ್ರಿಕೆ'ಯ ಸಂಪಾದಕಿಯಾಗಿದ್ದ ಗೌರಿ ಲಂಕೇಶ್ ಅವರಲ್ಲೊಬ್ಬರು. ಸರ್ಕಾರ ಮತ್ತು ನಕ್ಸಲರ ನಡುವೆ ಮಾತುಕತೆ ನಡೆಯಬೇಕೆಂದು ಗೌರಿ ಮತ್ತಿತರ ಚಿಂತಕರು ನಾಗರಿಕ ವೇದಿಕೆಯೊಂದನ್ನು ರಚಿಸಿಕೊಂಡು ಪ್ರಯತ್ನಿಸಿದರು.

ಬಲಿಗೆಯ ಘಟನೆ

2005ರ ಫೆಬ್ರವರಿ 6ರಂದು ಬಲಿಗೆಯಲ್ಲಿ ಸಾಕೇತ್ ರಾಜನ್ ಮತ್ತು ಅವರ ಸಂಗಾತಿ ಶಿವಲಿಂಗು ಪೊಲೀಸರ ಗುಂಡಿಗೆ ಬಲಿಯಾದರು. ಶೋಧ ಕಾರ್ಯಾಚರಣೆಯ ವೇಳೆ ಗುಂಡಿನ ಚಕಮಕಿ ನಡೆದು ಸಾವು ಸಂಭವಿಸಿತು ಎಂಬುದು ಪೊಲೀಸರ ಹೇಳಿಕೆ. ನಾಗರಿಕ ಹಕ್ಕುಗಳ ಸಂಘಟನೆಗಳು ಈ ವಿವರಣೆಯನ್ನು ಪ್ರಶ್ನಿಸಿದವು. ಆಗ ರಾಜ್ಯದಲ್ಲಿ ಧರ್ಮಸಿಂಗ್ ನೇತೃತ್ವದ ಕಾಂಗ್ರೆಸ್ ಮತ್ತು ಜನತಾದಳ (ಜಾತ್ಯತೀತ) ಮೈತ್ರಿ ಸರ್ಕಾರವಿತ್ತು. ಮಾತುಕತೆಯ ಆಸೆಯಿಟ್ಟುಕೊಂಡಿದ್ದವರಿಗೆ ಈ ಸಾವು ಆ ಬಾಗಿಲು ಮುಚ್ಚಿದ ಸೂಚನೆಯಾಯಿತು.

ಇದಾದ ನಾಲ್ಕೇ ದಿನಗಳಲ್ಲಿ, ಫೆಬ್ರವರಿ 10ರ ರಾತ್ರಿ, ತುಮಕೂರು ಜಿಲ್ಲೆಯ ಪಾವಗಡ ತಾಲ್ಲೂಕಿನ ವೆಂಕಟಮ್ಮನಹಳ್ಳಿಯಲ್ಲಿದ್ದ ಕರ್ನಾಟಕ ರಾಜ್ಯ ಮೀಸಲು ಪೊಲೀಸ್ ಪಡೆಯ ಶಿಬಿರದ ಮೇಲೆ ನಕ್ಸಲರು ದಾಳಿ ನಡೆಸಿ ಹಲವು ಪೊಲೀಸರನ್ನು ಕೊಂದರು. ಸಾಕೇತ್ ಹತ್ಯೆಗೆ ಪ್ರತೀಕಾರವೆಂದು ಈ ದಾಳಿಯನ್ನು ವ್ಯಾಪಕವಾಗಿ ಅರ್ಥೈಸಲಾಯಿತು. ಸತ್ತ ಪೊಲೀಸರಿಗೂ ಬಲಿಗೆಯ ಘಟನೆಗೂ ಯಾವ ಸಂಬಂಧವೂ ಇರಲಿಲ್ಲ. ಕರ್ನಾಟಕದ ನಕ್ಸಲ್ ಇತಿಹಾಸದಲ್ಲಿ ಪೊಲೀಸರ ಮೇಲೆ ನಡೆದ ಅತ್ಯಂತ ಭೀಕರ ದಾಳಿಗಳಲ್ಲಿ ಇದು ಒಂದು.

ಸಾವಿನ ನಂತರ

ಸಾಕೇತ್ ಸಾವಿನ ಅಲೆಗಳು ಕಾಡಿನಿಂದ ಹೊರಗೂ ತಟ್ಟಿದವು. ನಕ್ಸಲರಿಗೆ ಸಂಬಂಧಿಸಿದ ವರದಿಯೊಂದರ ಪ್ರಕಟಣೆಯ ಕುರಿತು 'ಲಂಕೇಶ್ ಪತ್ರಿಕೆ'ಯಲ್ಲಿ ಗೌರಿ ಮತ್ತು ಅವರ ಸಹೋದರ, ಪತ್ರಿಕೆಯ ಪ್ರಕಾಶಕ ಇಂದ್ರಜಿತ್ ಲಂಕೇಶ್ ನಡುವೆ ಅದೇ ತಿಂಗಳಲ್ಲಿ ಭಿನ್ನಾಭಿಪ್ರಾಯ ಬಹಿರಂಗವಾಯಿತು. ಗೌರಿ ಹೊರಬಂದು 2005ರಲ್ಲಿಯೇ 'ಗೌರಿ ಲಂಕೇಶ್ ಪತ್ರಿಕೆ'ಯನ್ನು ಆರಂಭಿಸಿದರು. ಕನ್ನಡ ಪತ್ರಿಕೋದ್ಯಮದ ಈ ಕವಲು ಪಾವಗಡದ ದಾಳಿಯ ವಾರಗಳಲ್ಲಿಯೇ ಒಡೆದದ್ದು ಎಂಬುದನ್ನು ಇಂದು ಹಲವರು ಮರೆತಿದ್ದಾರೆ. ನಕ್ಸಲರನ್ನು ಮುಖ್ಯವಾಹಿನಿಗೆ ತರುವ ಪ್ರಯತ್ನವನ್ನು ಗೌರಿ ಕೈಬಿಡಲಿಲ್ಲ. 2014ರ ಡಿಸೆಂಬರ್‌ನಲ್ಲಿ ಸಾಕೇತ್ ಅವರ ಒಡನಾಡಿಗಳಾಗಿದ್ದ ಸಿರಿಮನೆ ನಾಗರಾಜ್ ಮತ್ತು ನೂರ್ ಶ್ರೀಧರ್ ಚಿಕ್ಕಮಗಳೂರಿನಲ್ಲಿ ಬಹಿರಂಗ ಜೀವನಕ್ಕೆ ಮರಳಿದ್ದರ ಹಿಂದೆ ಈ ಪ್ರಯತ್ನವೂ ಇತ್ತು. ಅವರಿಬ್ಬರೂ ನಂತರ ಸಂವಿಧಾನಬದ್ಧ ಜನಹೋರಾಟಗಳಲ್ಲಿ ತೊಡಗಿಕೊಂಡರು. ಗೌರಿ ಲಂಕೇಶ್ 2017ರ ಸೆಪ್ಟೆಂಬರ್ 5ರಂದು ಬೆಂಗಳೂರಿನ ತಮ್ಮ ಮನೆಯ ಮುಂದೆ ಹಂತಕರ ಗುಂಡಿಗೆ ಬಲಿಯಾದರು.

ಮಲೆನಾಡಿನ ಕಾಡುಗಳಲ್ಲಿ ಉಳಿದ ತಂಡ ವರ್ಷದಿಂದ ವರ್ಷಕ್ಕೆ ಕರಗಿತು. 2007ರ ಜುಲೈನಲ್ಲಿ ಮೆಣಸಿನಹಾಡ್ಯದ ಸಮೀಪದ ಒಡೆಯರಮಠದಲ್ಲಿ ನಡೆದ ಕಾರ್ಯಾಚರಣೆಯಲ್ಲಿ ಐವರು ಸತ್ತರು. 2024ರ ನವೆಂಬರ್‌ನಲ್ಲಿ ಹೆಬ್ರಿ ತಾಲ್ಲೂಕಿನಲ್ಲಿ ವಿಕ್ರಂ ಗೌಡ ಪೊಲೀಸರ ಗುಂಡಿಗೆ ಬಲಿಯಾದ. 2025ರ ಜನವರಿ 8ರಂದು ಮುಂಡಗಾರು ಲತಾ ಸೇರಿದಂತೆ ಆರು ಮಂದಿ ಮುಖ್ಯಮಂತ್ರಿ ಸಿದ್ದರಾಮಯ್ಯನವರ ಸಮ್ಮುಖದಲ್ಲಿ ಶರಣಾದರು. ಅರಣ್ಯ ಹಕ್ಕು ಕಾಯ್ದೆ 2006ರಲ್ಲಿಯೇ ಬಂದಿದ್ದರೂ ಕುದುರೆಮುಖ ಉದ್ಯಾನದ ಸುತ್ತಲಿನ ಹಳ್ಳಿಗಳಲ್ಲಿ ಹಕ್ಕುಪತ್ರ, ರಸ್ತೆ, ವಿದ್ಯುತ್ತಿನ ಬೇಡಿಕೆಗಳು ಇಂದಿಗೂ ಕೇಳಿಬರುತ್ತಿವೆ.

ನೆನಪು ಮತ್ತು ಮೌಲ್ಯಮಾಪನ

ಇತಿಹಾಸ ಬರೆಯುತ್ತ ರಾಜಕೀಯ ಹೋರಾಟದಲ್ಲಿದ್ದು ಹತರಾದವರ ಸಾಲಿನಲ್ಲಿ ಗಯಾನಾದ ವಾಲ್ಟರ್ ರಾಡ್ನಿಯವರನ್ನು ನೆನೆಯುವುದುಂಟು. ಆಫ್ರಿಕಾದ ಹಿಂದುಳಿಯುವಿಕೆಯಲ್ಲಿ ಯುರೋಪಿನ ಪಾತ್ರವನ್ನು ಕುರಿತ ಅವರ ಗ್ರಂಥ 1972ರಲ್ಲಿ ಪ್ರಕಟವಾಯಿತು. 1980ರ ಜೂನ್‌ನಲ್ಲಿ ಜಾರ್ಜ್‌ಟೌನ್‌ನಲ್ಲಿ ಬಾಂಬ್ ಸ್ಫೋಟದಲ್ಲಿ ಅವರು ಕೊಲ್ಲಲ್ಪಟ್ಟರು. ಹೋಲಿಕೆ ಸ್ವಲ್ಪ ದೂರ ಮಾತ್ರ ಸಾಗುತ್ತದೆ. ರಾಡ್ನಿ ವಿಶ್ವವಿದ್ಯಾಲಯಗಳಲ್ಲಿ ಬೋಧಿಸಿ, ಬಹಿರಂಗ ಪಕ್ಷವನ್ನು ಕಟ್ಟಿದವರು. ಸಾಕೇತ್ ಆರಿಸಿಕೊಂಡದ್ದು ಬಂದೂಕಿನ ದಾರಿ. ಅವರ ಪುಸ್ತಕದ ಗುಣದೋಷಗಳ ಚರ್ಚೆ ವಿದ್ವತ್ ವಲಯದಲ್ಲಿ ಆಗಬೇಕಾದಷ್ಟು ಆಗದಿರಲು ಈ ಆಯ್ಕೆಯೂ ಒಂದು ಕಾರಣ. ಲೇಖಕನ ಹೆಸರೆತ್ತಿದ ಕೂಡಲೇ ಮಾತು ಪುಸ್ತಕವನ್ನು ಬಿಟ್ಟು ನಕ್ಸಲ್‌ವಾದದ ಕಡೆಗೆ ತಿರುಗುತ್ತದೆ.

ಎಡಪಂಥೀಯ ಬಳಗಗಳಲ್ಲಿ ಫೆಬ್ರವರಿ 6ರ ನೆನಪು ಉಳಿದಿದೆ. ಪೊಲೀಸ್ ಇಲಾಖೆಯ ದೃಷ್ಟಿಯಲ್ಲಿ ಆ ದಿನ ರಾಜ್ಯದ ನಕ್ಸಲ್ ಚಳವಳಿಯ ಬೆನ್ನೆಲುಬು ಮುರಿದ ದಿನ. ಇತಿಹಾಸದ ವಿದ್ಯಾರ್ಥಿಗಳಿಗೆ ಅವರು ಎರಡು ಸಂಪುಟಗಳ ಲೇಖಕ, ಅಷ್ಟೆ.

ಗ್ರಂಥಾಲಯಗಳಲ್ಲಿ ಈ ಸಂಪುಟಗಳನ್ನು ಹುಡುಕುವವರು ಗಮನಿಸಬೇಕಾದದ್ದು: ಲೇಖಕರ ಹೆಸರು ಮುಖಪುಟದಲ್ಲಿ 'ಸಾಕಿ' ಎಂದಷ್ಟೇ ಇದೆ, ಸಾಕೇತ್ ರಾಜನ್ ಎಂದು ಹುಡುಕಿದರೆ ಸಿಗದಿರಬಹುದು. ಸಣ್ಣಕತೆಗಳಿಗೆ ಹೆಸರಾದ ಬ್ರಿಟಿಷ್ ಲೇಖಕ ಎಚ್. ಎಚ್. ಮನ್ರೊ ಅವರ ಕಾವ್ಯನಾಮವೂ 'ಸಾಕಿ' ಆಗಿರುವುದರಿಂದ, ಇಬ್ಬರ ಪುಸ್ತಕಗಳೂ ಒಂದೇ ಹೆಸರಿನಡಿ ಬೆರೆತುಹೋಗುವ ಸಂಭವವಿದೆ.